1964ರ ಜೂನ್ ಮಸ್ಟ್ಯಾಂಗ್: ಯಾವ ಭಾಗ ಕಾರ್ಖಾನೆಯದು, ಯಾವುದು ಆಮೇಲೆ ಸೇರಿದ್ದು?

ಕಾರ್ಬುರೇಟರ್_ಕಿಟ್ಟಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಓಹಾಯೋದಲ್ಲಿ. ಹೋದ ಚಳಿಗಾಲದಲ್ಲಿ ಒಂದು ಹಳೇ ಫೋರ್ಡ್ ಮಸ್ಟ್ಯಾಂಗ್ ಕೂಪೆ ತಗೊಂಡೆ. ಡ್ರೈವರ್ ಬಾಗಿಲಿನ ಪ್ಲೇಟ್ ಮೇಲೆ ನಂಬರ್ 5ಎಫ್07ಎಫ್ ಅಂತ ಶುರುವಾಗುತ್ತದೆ. ತಯಾರಾದ ತಿಂಗಳು ಜೂನ್. ಮಾರಿದವರು "ಅಪ್ಪಟ ಅರವತ್ನಾಲ್ಕೂವರೆ, ಒಂದು ಬೋಲ್ಟೂ ಬದಲಾಗಿಲ್ಲ" ಅಂದಿದ್ದರು. ನೋಡ್ತಾ ನೋಡ್ತಾ ಅನುಮಾನ ಜಾಸ್ತಿ ಆಗ್ತಿದೆ.

ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪದಲ್ಲಿ "ಜೆನ್" ಅಂತಿದೆ, ಅಂದರೆ ಜನರೇಟರ್, ಆದರೆ ಎಂಜಿನ್ ಪಕ್ಕ ಇರೋದು ಆಲ್ಟರ್ನೇಟರ್. ಬಾನೆಟ್‌ನ ಮುಂದಿನ ಮೂಲೆ ಎರಡೂ ಕಡೆ ಓರೆಯಾಗಿದೆ. ಬಲಗಡೆ ಹೆಡ್‌ಲೈಟ್ ಸುತ್ತಿನ ತುಂಡು ಅದಕ್ಕೆ ಸರಿಯಾಗಿ ಕೂತಿದೆ, ಎಡಗಡೆಯದು ಕೂತಿಲ್ಲ, ಸಂದು ಬಿಟ್ಟಿದೆ. ಪಕ್ಕದ ಸೀಟು ಹಿಂದೆ ಮುಂದೆ ಸರಿಯೋದೇ ಇಲ್ಲ. ಒಳಗಿನ ಗಾಜಿನ ಹಿಡಿಕೆ ಡ್ರೈವರ್ ಕಡೆ ಅಲೆನ್ ಸ್ಕ್ರೂನಲ್ಲಿದೆ, ಇನ್ನೊಂದು ಕಡೆ ಸ್ಕ್ರೂನೇ ಕಾಣಿಸಲ್ಲ.

ಸದ್ಯಕ್ಕೆ ತುರ್ತು ಇರೋದು ವೈರಿಂಗ್. ಹಳೇ ವೈರ್ ಮುಟ್ಟಿದರೆ ಹೊದಿಕೆ ಉದುರ್ತಿದೆ. ಅಂಗಡಿಯವರಿಗೆ ಫೋನ್ ಮಾಡಿದರೆ "ಸಿಕ್ಸ್ಟಿಫೈವ್ ತಾನೇ, ಕಳಿಸ್ತೀವಿ" ಅಂತಾರೆ. ಕಳಿಸಲಿ ಅನ್ನಲಾ?

ಡಿಯರ್‌ಬಾರ್ನ್_ದೊಡ್ಡಪ್ಪ

ಬೇಡ. ದುಡ್ಡು ಜೇಬಲ್ಲೇ ಇರಲಿ, ಮೊದಲು ಇದನ್ನ ಓದಿ.

ನಂಬರ್‌ನಿಂದ ಶುರು ಮಾಡೋಣ. ಮೊದಲನೇ 5 ಅಂದರೆ 1965ರ ಮಾಡೆಲ್. ಅರವತ್ನಾಲ್ಕೂವರೆ ಅನ್ನೋದು 1964ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ತಯಾರಾದ ಮೊದಲ ಕಂತಿಗೆ ಜನ ಇಟ್ಟ ಹೆಸರು, ಫೋರ್ಡ್ ನಂಬರ್ ಹಾಕಿದ್ದು ಎಲ್ಲವನ್ನೂ 1965 ಅಂತಲೇ. ಮುಂದಿನ ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. 07 ಅಂದರೆ ಕೂಪೆ. 08 ಛಾವಣಿ ಮಡಚೋ ಕನ್ವರ್ಟಿಬಲ್, 09 ಛಾವಣಿ ಹಿಂದಕ್ಕೆ ಇಳಿಜಾರಾಗಿರೋ ಫಾಸ್ಟ್‌ಬ್ಯಾಕ್. ಈ ಫಾಸ್ಟ್‌ಬ್ಯಾಕ್ ಮಾರಾಟಕ್ಕೆ ಬಂದದ್ದೇ 1964ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ 09 ಇರುವ ಅರವತ್ನಾಲ್ಕೂವರೆ ಅಂತ ಯಾರಾದರೂ ಮಾರಲು ಬಂದರೆ ಕಾಫಿ ಕೊಟ್ಟು ಕಳಿಸಿ.

ಕೊನೆಯ ಎಫ್ ಎಂಜಿನ್ ಅಕ್ಷರ: 260 ಘನ ಇಂಚಿನ ವಿ8. ಇಲ್ಲೇ ನಿಮಗೆ ಒಳ್ಳೇ ಸುಳಿವಿದೆ. ಯು ಅಂದರೆ 170ರ ಆರು ಸಿಲಿಂಡರ್, ಎಫ್ ಅಂದರೆ 260, ಡಿ ಅಂದರೆ ನಾಲ್ಕು ಬ್ಯಾರೆಲ್ ಕಾರ್ಬುರೇಟರ್‌ನ 210 ಕುದುರೆಶಕ್ತಿಯ 289. ಈ ಮೂರೂ ಅಕ್ಷರ ಮೊದಲ ಕಂತಿನ ಮಸ್ಟ್ಯಾಂಗ್‌ಗಳಲ್ಲಿ ಮಾತ್ರ. 1964ರ ಆಗಸ್ಟ್‌ನಲ್ಲಿ ಹೊಸ ವರ್ಷದ ಮಾಡೆಲ್‌ಗೆ ತಿರುಗಿದಾಗ ಇವು ಹೋಗಿ ಟಿ, ಸಿ, ಎ ಬಂದವು. ಕೆ ಅಂದರೆ 271 ಕುದುರೆಶಕ್ತಿಯ 289, ಅದು ಜೂನ್‌ನಲ್ಲಿ ಸೇರಿತು, ಮೊದಲ ಕಂತಿನಲ್ಲೂ ಆಮೇಲಿನವುಗಳಲ್ಲೂ ಸಿಗುತ್ತದೆ. ಹಾಗಾಗಿ ನಂಬರ್ ಪ್ರಕಾರ ನಿಮ್ಮದು ಮೊದಲ ಕಂತಿನದೇ, ಆ ನಂಬರ್ ಆ ಕಾರಿನದೇ ಆಗಿದ್ದರೆ. ಅದಕ್ಕೆ ಆಮೇಲೆ ಬರ್ತೀನಿ.

ಡಿಯರ್‌ಬಾರ್ನ್‌ನಲ್ಲಿ ಕೆಲಸ ಶುರುವಾದದ್ದು 1964ರ ಮಾರ್ಚ್ 9. ಜನರಿಗೆ ತೋರಿಸಿದ್ದು ಏಪ್ರಿಲ್ 17, ನ್ಯೂಯಾರ್ಕ್ ವಿಶ್ವಮೇಳದಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಜುಲೈನಲ್ಲಿ ಸೇರಿತು, ಅದರ ಅಕ್ಷರ ಆರ್. ನ್ಯೂಜರ್ಸಿಯ ಮಟಚನ್ ಸೇರಿದ್ದು 1965ರ ಫೆಬ್ರವರಿಯಲ್ಲಿ, ಅದು ಟಿ. 1965ರ ಮಾಡೆಲ್ ಅಂತ ಒಟ್ಟು ತಯಾರಾದ 6,80,989 ಕಾರುಗಳಲ್ಲಿ ಮೊದಲ ಕಂತಿನವು 1,21,538.

ಇನ್ನು ನಿಮ್ಮ ಕರೆಂಟಿನ ವಿಷಯ. ಬ್ಯಾಟರಿ ಚಾರ್ಜ್ ಮಾಡೋಕೆ ಮೊದಲ ಕಂತಿಗೆ ಜನರೇಟರ್, ಆಗಸ್ಟ್ ಆದ ಮೇಲೆ ಆಲ್ಟರ್ನೇಟರ್. ಬರೀ ಆ ಒಂದು ಡಬ್ಬಿ ಬದಲಾದದ್ದಲ್ಲ. ರೆಗ್ಯುಲೇಟರ್ ಬೇರೆ, ಬಾನೆಟ್ ಕೆಳಗಿನ ವೈರಿಂಗ್ ಬೇರೆ, ದೀಪದ ಮೇಲಿನ ಅಕ್ಷರ "ಜೆನ್" ಹೋಗಿ "ಆಲ್ಟ್" ಆಯಿತು. ನಿಮ್ಮಲ್ಲಿ ದೀಪ ಹಳೇದು, ಡಬ್ಬಿ ಹೊಸದು. ಈ ಅರವತ್ತು ವರ್ಷದಲ್ಲಿ ಯಾರೋ ಬದಲಾಯಿಸಿದ್ದಾರೆ ಅಷ್ಟೇ. ತಪ್ಪೇನಲ್ಲ, ಜನರೇಟರ್ ಐಡಲ್‌ನಲ್ಲಿ ಸರಿಯಾಗಿ ಚಾರ್ಜ್ ಕೊಡಲ್ಲ, ತುಂಬಾ ಜನ ಹೀಗೆ ಮಾಡಿದ್ದಾರೆ. ಆದರೆ ನೀವು ಮತ್ತೆ ಜನರೇಟರ್‌ಗೆ ಹೋಗ್ತೀರಾ, ಆಲ್ಟರ್ನೇಟರ್ ಉಳಿಸ್ತೀರಾ ಅಂತ ಮೊದಲು ತೀರ್ಮಾನ ಮಾಡಿ. "ಸಿಕ್ಸ್ಟಿಫೈವ್ ತಾನೇ" ಅನ್ನೋ ಅಂಗಡಿಯವನಿಗೆ ಈ ಎರಡರ ನಡುವಿನ ವ್ಯತ್ಯಾಸ ತಲೇಲಿಲ್ಲ.

ಸುಮ್ನೆ_ಓಡ್ಸು

ಗುರು, ಗಾಡಿ ಸ್ಟಾರ್ಟ್ ಆಗುತ್ತಾ? ಬ್ರೇಕ್ ಹಿಡಿಯುತ್ತಾ? ಹಾಗಾದರೆ ಆಲ್ಟರ್ನೇಟರ್ ಹಾಗೇ ಇಟ್ಟು ಸುಮ್ನೆ ಓಡ್ಸು. ಸ್ಕ್ರೂ ಯಾವ ತಿಂಗಳದು ಅಂತ ಭೂತಗನ್ನಡಿ ಹಿಡಿದು ನೋಡೋ ಜನರ ಜೊತೆ ಸೇರಿದರೆ ಬೇಸಿಗೆ ಮುಗಿದಿರುತ್ತೆ.

ಬೋಟೈ_ಭಕ್ತ

ನಾನು ಶೆವ್ರೊಲೆ ಕಡೆಯವನು, ಆದರೂ ಬಾಯಿ ಹಾಕ್ತೀನಿ. ಓಡ್ಸೋದಕ್ಕೂ ಇದು ಬೇಕಲ್ವಾ ಸರ್. ಒಂದು ಉದಾಹರಣೆ: 1955ರ ಶೆವ್ರೊಲೆ 265 ವಿ8 ಬ್ಲಾಕ್‌ನಲ್ಲಿ ಆಯಿಲ್ ಫಿಲ್ಟರ್ ಕೂರಿಸೋ ಜಾಗವೇ ಇಲ್ಲ. 1956ರಿಂದ ಬಂತು. ಎರಡೂ 265 ಅಂತಲೇ. ಇದು ಗೊತ್ತಿಲ್ಲದೆ ಭಾಗ ತರಿಸಿದರೆ ಅಂಗಡಿಗೆ ವಾಪಸ್ ಕಳಿಸೋ ಖರ್ಚು ನಿಮ್ಮದೇ.

ಇನ್ನೊಂದು ಮಾತು. ಕಾರ್ಖಾನೆಯಿಂದ ಬಂದದ್ದು ಅಂದರೆ ಪುಸ್ತಕದಲ್ಲಿ ಇದ್ದ ಹಾಗೇ ಇರಬೇಕು ಅಂತೇನಿಲ್ಲ. 1953ರಲ್ಲಿ ಮೊದಲ ಕಾರ್ವೆಟ್‌ಗಳು ಮಿಶಿಗನ್‌ನ ಫ್ಲಿಂಟ್‌ನಲ್ಲಿ ತಯಾರಾದವು, ಆ ವರ್ಷ ಒಟ್ಟು 300. ಅದಕ್ಕೇ ಅಂತ ಮಾಡಿಸಿದ್ದ ವೀಲ್ ಕವರ್ ಸಮಯಕ್ಕೆ ಬರಲಿಲ್ಲ. ಮೊದಲು ಹೊರಗೆ ಬಂದವಕ್ಕೆ ಬೆಲ್ ಏರ್ ಕಾರಿನ ವೀಲ್ ಕವರ್ ಹಾಕಿ ಕಳಿಸಿದರು. ಇವತ್ತು ಅಂಥ ಕಾರಿಗೆ ಯಾರಾದರೂ "ಸರಿಯಾದ" ಕವರ್ ಹಾಕಿದರೆ ಅದೇ ತಪ್ಪು!

ಪ್ರಶ್ನೆ: ದೊಡ್ಡಪ್ಪ, ಎಂಜಿನ್ ನಿಜವಾಗಿ ಆ ಕಾರಿನದೇ ಅಂತ ಫೋರ್ಡ್‌ನಲ್ಲಿ ಹೇಗೆ ಹೇಳ್ತೀರಿ? ನಮ್ಮಲ್ಲಿ ಬ್ಲಾಕ್‌ನ ಮುಂದಿನ ಪ್ಯಾಡ್ ಮೇಲೆ ಒತ್ತಿದ ಅಕ್ಷರ ನೋಡ್ತೀವಿ. ಅಲ್ಲೂ ಮೋಸ ಇದೆ. ಹಳೇದನ್ನ ಉಜ್ಜಿ ಹೊಸದಾಗಿ ಒತ್ತಿಬಿಡ್ತಾರೆ. ಅದಕ್ಕೇ ಅನುಭವ ಇರೋರು ಅಕ್ಷರಕ್ಕಿಂತ ಮೊದಲು ಅದರ ಕೆಳಗೆ ಕಾರ್ಖಾನೆಯ ಯಂತ್ರ ಎಳೆದ ಸಣ್ಣ ಗೀರುಗಳು ಉಳಿದಿವೆಯಾ ಅಂತ ನೋಡೋದು.

ಡಿಯರ್‌ಬಾರ್ನ್_ದೊಡ್ಡಪ್ಪ

ಒಳ್ಳೇ ಪ್ರಶ್ನೆ. 260 ಎಂಜಿನ್‌ಗೆ ಎರಡು ಪರೀಕ್ಷೆ ಇವೆ.

ಸುಲಭದ್ದು ಮೊದಲು. ಎಂಜಿನ್ ಹಿಂದೆ ಬೆಲ್‌ಹೌಸಿಂಗ್, ಅಂದರೆ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಗಂಟೆಯಾಕಾರದ ಕವಚ, ಸೇರೋ ಕಡೆ ಬೋಲ್ಟ್ ಎಣಿಸಿ. ಮೊದಲ ಕಂತಿನ 260 ಮತ್ತು 289ಕ್ಕೆ ಐದು ಬೋಲ್ಟ್. 1964ರ ಆಗಸ್ಟ್‌ನಲ್ಲಿ ಆರು ಬೋಲ್ಟ್ ಆಯಿತು. ಆರು ಇದ್ದರೆ ಆ ಬ್ಲಾಕ್ ಜೂನ್‌ನ ಕಾರಿನದಲ್ಲ. ಗೇರ್‌ಬಾಕ್ಸ್ ಬದಲಾಯಿಸೋ ಯೋಚನೆ ಇದ್ದರೂ ಇದು ಗೊತ್ತಿರಬೇಕು, ಐದು ಬೋಲ್ಟಿನ ಬೆಲ್‌ಹೌಸಿಂಗ್ ಆರಕ್ಕೆ ಕೂರಲ್ಲ.

ಎರಡನೇದು ಎರಕದ ತಾರೀಖು. ಅದು ಬಲಗಡೆ ಸ್ಟಾರ್ಟರ್ ಹಿಂದೆ ಅಡಗಿರುತ್ತದೆ, ಸ್ಟಾರ್ಟರ್ ಬಿಚ್ಚದೆ ಓದಕ್ಕಾಗಲ್ಲ. ಒಂದು ಅಂಕಿ, ಒಂದು ಅಕ್ಷರ, ಆಮೇಲೆ ದಿನ. 4ಜೆ21 ಅಂತಿದ್ದರೆ 1964ರ ಸೆಪ್ಟೆಂಬರ್ 21. ಎ ಜನವರಿ, ಬಿ ಫೆಬ್ರವರಿ, ಹೀಗೇ ಹೋಗುತ್ತದೆ. ಐ ಅಕ್ಷರ ಬಿಟ್ಟಿದ್ದಾರೆ, ಒಂದು ಅಂಕಿಯ ಹಾಗೆ ಕಾಣುತ್ತೆ ಅಂತ. ಹಾಗಾಗಿ ಎಚ್ ಆಗಸ್ಟ್, ಜೆ ಸೆಪ್ಟೆಂಬರ್, ಎಂ ಡಿಸೆಂಬರ್. ವರ್ಷಕ್ಕೆ ಒಂದೇ ಅಂಕಿ ಅನ್ನೋದು ಮರೀಬೇಡಿ, 4 ಅಂದರೆ 1974 ಕೂಡ ಆಗಬಹುದು.

ಎರಕ ಹೊಯ್ದ ದಿನ ಕಾರು ತಯಾರಾದ ದಿನಕ್ಕಿಂತ ಮುಂಚೆ ಇರಬೇಕು. ಕೆಲವು ದಿನ, ಕೆಲವು ವಾರ ಅಂತರ ಸಹಜ. ಬ್ಲಾಕ್‌ನ ತಾರೀಖು ಕಾರಿನದಕ್ಕಿಂತ ಈಚಿನದಾಗಿದ್ದರೆ ಮಾತೇ ಇಲ್ಲ, ಅದು ಆಮೇಲೆ ಬಂದದ್ದು. ಬಾಗಿಲಿನ ಪ್ಲೇಟ್‌ನ ದಿನ ತಯಾರಿಗೆ ಗೊತ್ತು ಮಾಡಿದ ದಿನ. ಕಾರು ನಿಜವಾಗಿ ಲೈನ್ ಇಳಿದದ್ದು ಒಂದಷ್ಟು ದಿನ ಆಚೀಚೆ ಆಗಿರಬಹುದು.

ಭಾಗದ ಮೇಲಿನ ಉದ್ದ ನಂಬರ್ ಬಗ್ಗೆಯೂ ಹೇಳಿಬಿಡ್ತೀನಿ, ಎಲ್ಲರೂ ಎಡವೋದು ಅಲ್ಲೇ. ಫೋರ್ಡ್ ನಂಬರ್‌ನ ಮೊದಲ ಅಕ್ಷರ ದಶಕ: ಬಿ ಐವತ್ತರದು, ಸಿ ಅರವತ್ತರದು, ಡಿ ಎಪ್ಪತ್ತರದು. ಮುಂದಿನ ಅಂಕಿ ಆ ದಶಕದ ವರ್ಷ. ಮೂರನೇದು ಆ ಭಾಗವನ್ನ ಯಾವ ಕಾರಿಗೆ ಅಂತ ಮೊದಲು ರೂಪಿಸಿದರೋ ಅದು: ಝಡ್ ಮಸ್ಟ್ಯಾಂಗ್, ಡಿ ಫಾಲ್ಕನ್, ಓ ಫೇರ್‌ಲೇನ್, ಎ ದೊಡ್ಡ ಫೋರ್ಡ್. ನಾಲ್ಕನೇದು ಇಲಾಖೆ, ಇ ಅಂದರೆ ಎಂಜಿನ್. ನಾಲ್ಕನೇದೂ ಝಡ್ ಆಗಿದ್ದರೆ ಅದು ಅಂಗಡಿಯಲ್ಲಿ ಮಾರೋ ಬಿಡಿಭಾಗದ ನಂಬರ್.

ಇದರಿಂದ ಎರಡು ಗೊಂದಲ ಆಗುತ್ತದೆ. ಒಂದು, ಎರಕದ ಮೇಲಿನ ನಂಬರ್ ಕ್ಯಾಟಲಾಗ್‌ನಲ್ಲಿ ಹುಡುಕಿದರೆ ಸಿಗಲ್ಲ. ಅದು ಎಂಜಿನಿಯರ್‌ಗಳ ನಂಬರ್, ಕ್ಯಾಟಲಾಗ್‌ನದು ಮಾರಾಟದ ನಂಬರ್. ಎರಡನೇದು, ಮಸ್ಟ್ಯಾಂಗ್ ಹುಟ್ಟಿದ್ದೇ ಫಾಲ್ಕನ್ ಅಡಿಪಾಯದ ಮೇಲೆ, ಅದರ ಸಣ್ಣ ವಿ8 ಬಂದದ್ದು 1962ರ ಫೇರ್‌ಲೇನ್‌ನಿಂದ. ಸಿ3ಡಿ, ಸಿ4ಓ ಅಂತ ಇರೋ ಭಾಗ ಕಂಡು "ಯಾರೋ ಫಾಲ್ಕನ್ ಸಾಮಾನು ಹಾಕಿದ್ದಾರೆ" ಅಂತ ಕಿತ್ತು ಗುಜರಿಗೆ ಹಾಕಿದವರನ್ನ ನೋಡಿದ್ದೇನೆ. ಕಾರ್ಖಾನೆಯವರೇ ಹಾಕಿದ್ದು ಸ್ವಾಮಿ ಅದು! ಕಾರಿಗಿಂತ ಹಳೇ ವರ್ಷದ ನಂಬರ್ ಇದ್ದರೆ ಪರವಾಗಿಲ್ಲ, ಕಾರಿಗಿಂತ ಹೊಸ ವರ್ಷದ ನಂಬರ್ ಇದ್ದರೆ ಮಾತ್ರ ಹುಬ್ಬು ಏರಿಸಿ.

ಸ್ಪ್ಯಾನರ್_ಸುಬ್ಬಿ

ಕಿಟ್ಟಿ ಅವರ ಉಳಿದ ಪಟ್ಟಿಗೆ ನಾನು ಉತ್ತರ ಹೇಳ್ತೀನಿ, ದೊಡ್ಡಪ್ಪ ಸ್ವಲ್ಪ ಕೂತ್ಕೊಳ್ಳಲಿ.

ಸರಿಯದ ಪಕ್ಕದ ಸೀಟು ಕೆಟ್ಟಿಲ್ಲ. ಶುರುವಿನ ಕಾರುಗಳಲ್ಲಿ ಡ್ರೈವರ್ ಸೀಟು ಮಾತ್ರ ಸರಿಯುತ್ತಿತ್ತು. ದಯವಿಟ್ಟು ಎಣ್ಣೆ ಹಾಕಿ ಎಳೆದಾಡಬೇಡಿ.

ಬಾನೆಟ್‌ನ ಓರೆ ಮೂಲೆಯೂ ಮೊದಲ ಕಂತಿನ ಗುರುತು. ಅದಕ್ಕೆ ಜೋಡಿಯಾಗಿ ಹೆಡ್‌ಲೈಟ್ ಸುತ್ತಿನ ಎರಕದ ತುಂಡಿಗೂ ಓರೆ ಅಂಚು ಇರುತ್ತದೆ. ಆಮೇಲಿನ ಬಾನೆಟ್, ಆಮೇಲಿನ ತುಂಡು ಬೇರೆ ಜೋಡಿ. ನಿಮ್ಮ ಎಡಗಡೆ ಸಂದು ಬಿಟ್ಟಿದೆ ಅಂದರೆ ಆ ಮೂಲೆ ಎಲ್ಲೋ ಏಟು ತಿಂದು ಆಮೇಲಿನ ತುಂಡು ಬಂದಿದೆ. ಮೂಲೆ ಬಡಿದು ಸರಿ ಮಾಡಲು ಹೋಗಬೇಡಿ, ತುಂಡು ಹುಡುಕಿ. ಎಡಗಡೆ ಫೆಂಡರ್‌ನಲ್ಲಿ ಪುಟ್ಟಿ ತುಂಬಿದ ಗುರುತು ಇದೆಯಾ ಅಂತ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಪುಟ್ಟಿ ಜಾಸ್ತಿ ಇದ್ದ ಕಡೆ ಮ್ಯಾಗ್ನೆಟ್ ಅಂಟಲ್ಲ.

ಪೆಟ್ರೋಲ್ ಮುಚ್ಚಳಕ್ಕೆ ಒಳಗೆ ತಂತಿ ಇದೆಯಾ? ಮೊದಲಿನವಕ್ಕೆ ಇರಲಿಲ್ಲ. ಕದ್ದೊಯ್ಯೋರು ಜಾಸ್ತಿಯಾದ ಮೇಲೆ ಕಟ್ಟಿದರು. ಹಾರ್ನ್ ಎಲ್ಲಿದೆ ನೋಡಿ, ಮೊದಲಿನವು ರೇಡಿಯೇಟರ್ ಹಿಂದೆ ಚೌಕಟ್ಟಿನ ಮೇಲೆ ಕೂರ್ತವೆ.

ಹಿಡಿಕೆ ವಿಷಯ ಮಜಾ ಇದೆ. ಮೊದಲಿನವು ಹಿಂದಿನಿಂದ ಕ್ಲಿಪ್ ಹಾಕಿ ಕೂರಿಸಿದವು, ಸ್ಕ್ರೂ ಕಾಣಲ್ಲ. ಆಮೇಲಿನವಕ್ಕೆ ಅಲೆನ್ ಸ್ಕ್ರೂ. ಬರೀ ಹಿಡಿಕೆ ಬದಲಾಯಿಸಿದರೆ ಆಗಲ್ಲ, ಅದು ಕೂರುವ ಕಡ್ಡಿಯೇ ಬೇರೆ, ಅಂದರೆ ಗಾಜು ಏರಿಸೋ ಯಂತ್ರವೇ ಬೇರೆ. ನಿಮ್ಮ ಡ್ರೈವರ್ ಬಾಗಿಲಲ್ಲಿ ಆಮೇಲಿನ ಯಂತ್ರ ಇದೆ. ಅಮೆರಿಕದಲ್ಲಿ ಡ್ರೈವರ್ ಕೂರೋದು ಎಡಗಡೆ ತಾನೇ. ಎಡಗಡೆ ಹೆಡ್‌ಲೈಟ್, ಎಡಗಡೆ ಬಾಗಿಲು. ನನಗೆ ಬಾಗಿಲೇ ಬೇರೆ ಕಾರಿನದು ಅನ್ನಿಸ್ತಿದೆ. ಆ ಬಾಗಿಲ ಮೇಲೇ ಅಲ್ವಾ ನಿಮ್ಮ ಪ್ಲೇಟ್ ಇರೋದು?

ಡಿಯರ್‌ಬಾರ್ನ್_ದೊಡ್ಡಪ್ಪ

ಸುಬ್ಬಿ, ನಾನು ಆಮೇಲೆ ಬರ್ತೀನಿ ಅಂದಿದ್ದು ಇದಕ್ಕೇ, ನೀವೇ ತಲುಪಿಬಿಟ್ರಿ.

ಪ್ಲೇಟ್ ರಿವೆಟ್ ಹೊಡೆದು ಕೂರಿಸಿದ ಅಲ್ಯೂಮಿನಿಯಂ ತುಂಡು. ಬಾಗಿಲು ಬೇರೆ ಬಂದರೆ ಪ್ಲೇಟೂ ಬೇರೆ ಬರಬಹುದು. ಹೊಸದಾಗಿ ಒತ್ತಿಸಿಕೊಡೋರೂ ಇದ್ದಾರೆ. ಕಾರಿನ ಜಾತಕ ಇರೋದು ಬಾನೆಟ್ ಕೆಳಗೆ ಎಡಗಡೆ ಒಳ ಏಪ್ರನ್ ಮೇಲೆ, ಅಂದರೆ ಫೆಂಡರ್ ಒಳಗಿನ ತಗಡಿನ ಗೋಡೆ ಮೇಲೆ, ಲೋಹಕ್ಕೇ ಒತ್ತಿದ ನಂಬರ್. ಅದು ಕಾಣಲಿ ಅಂತಲೇ ಫೆಂಡರ್ ಅಂಚಿನಲ್ಲಿ ಸಣ್ಣ ಕಚ್ಚು ಬಿಟ್ಟಿರುತ್ತಾರೆ. ಎಡಗಡೆ ಏಟು ತಿಂದ ಕಾರಾದ್ದರಿಂದ ಆ ಏಪ್ರನ್ ತುಂಡೇ ಬದಲಾಗಿದೆಯಾ, ವೆಲ್ಡಿಂಗ್ ಗೆರೆ ಇದೆಯಾ ಅಂತಲೂ ನೋಡಿ.

ಕಾರ್ಬುರೇಟರ್_ಕಿಟ್ಟಿ

ಸುಬ್ಬಿ ಮೇಡಂ, ಎದೆ ಧಸಕ್ಕಂತು. ಶನಿವಾರ ಸ್ಟಾರ್ಟರ್ ಬಿಚ್ಚಿ ನೋಡಿ ಹೇಳ್ತೀನಿ. ಅಲ್ಲಿವರೆಗೆ ಒಂದು ಪ್ರಶ್ನೆ. ಮಾರ್ಟಿ ರಿಪೋರ್ಟ್ ತರಿಸಿದರೆ ಎಲ್ಲ ಗೊತ್ತಾಗುತ್ತೆ ಅಂತ ಆಫೀಸಲ್ಲಿ ಒಬ್ಬರು ಅಂದರು, ಹೌದಾ?

ಬೋಟೈ_ಭಕ್ತ

ನಿಮ್ಮ ಕಾರಿಗೆ ಆಗಲ್ಲ. ಫೋರ್ಡ್‌ನಿಂದ ಪರವಾನಗಿ ಪಡೆದು ಕೆವಿನ್ ಮಾರ್ಟಿ ಅವರು ಇಟ್ಟುಕೊಂಡಿರೋ ತಯಾರಿಕೆಯ ದಾಖಲೆ ಶುರುವಾಗೋದು 1967ರ ಮಾಡೆಲ್‌ನಿಂದ. ಅದಕ್ಕಿಂತ ಹಳೇ ಮಸ್ಟ್ಯಾಂಗ್‌ಗೆ ಕಾರೇ ದಾಖಲೆ.

ಈ ವಿಷಯದಲ್ಲಿ ಪಾಂಟಿಯಾಕ್ ಇಟ್ಟುಕೊಂಡೋರು ಪುಣ್ಯವಂತರು, ಕಾರ್ಖಾನೆಯ ಬಿಲ್‌ನ ನಕಲೇ ಸಿಗುತ್ತದೆ. ಸ್ಟುಡಿಬೇಕರ್‌ನವರಿಗೆ ಸೌತ್ ಬೆಂಡ್‌ನ ಮ್ಯೂಸಿಯಂ ತಯಾರಿಕೆ ಆದೇಶದ ಪ್ರತಿ ಕೊಡುತ್ತದೆ. ಕ್ರೈಸ್ಲರ್‌ನವರು ಸೀಟಿನ ಸ್ಪ್ರಿಂಗ್ ಒಳಗೆ, ಕಾರ್ಪೆಟ್ ಅಡಿ, ಪೆಟ್ರೋಲ್ ಟ್ಯಾಂಕ್ ಮೇಲೆ ಕೈ ಹಾಕಿ ಹುಡುಕ್ತಾರೆ. ಯಾವ ಭಾಗ ಹಾಕಬೇಕು ಅಂತ ಲೈನ್‌ನ ಕೆಲಸಗಾರರಿಗೆ ಕೊಟ್ಟ ಹಾಳೆ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಎಷ್ಟೋ ಸಲ ಇಲಿ ತಿಂದು ಅರ್ಧ ಉಳಿದಿರುತ್ತೆ, ಅದಕ್ಕೂ ಬೆಲೆ ಇದೆ.

ಜೆಸಿ_ರೋಡ್_ಹುಡುಗ

ಬೆಂಗಳೂರಿಂದ ನಮಸ್ಕಾರ ಅಣ್ಣಂದಿರೇ, ಅಕ್ಕ. ನಿಮಗೆ ಕಾರ್ಖಾನೆ ಯಾವುದು ಅಂತ ನಂಬರ್‌ನಲ್ಲಾದರೂ ಇದೆ. ನಮ್ಮ ಕಡೆ ಉಳಿದಿರೋ ಅಮೆರಿಕನ್ ಕಾರುಗಳ ಕಥೆ ಇನ್ನೂ ಸಿಕ್ಕು. ಇಲ್ಲಿಗೆ ಬೇಕಾದದ್ದು ಬಲಗಡೆ ಸ್ಟೀರಿಂಗ್. ಅಂಥದ್ದು ಹೆಚ್ಚಾಗಿ ಬರ್ತಿದ್ದದ್ದು ಕೆನಡಾದಿಂದ. 1926ರಲ್ಲಿ ಭಾರತದಲ್ಲಿ ಫೋರ್ಡ್ ಕಂಪನಿ ಶುರು ಮಾಡಿದ್ದೂ ಫೋರ್ಡ್ ಕೆನಡಾ. 1928ರಲ್ಲಿ ಜನರಲ್ ಮೋಟಾರ್ಸ್ ಬೊಂಬಾಯಿಯ ಸೇವ್ರಿಯಲ್ಲಿ ಶೆವ್ರೊಲೆ ಜೋಡಿಸೋಕೆ ಶುರು ಮಾಡಿತು. ಸ್ವಾತಂತ್ರ್ಯದ ಹೊತ್ತಿಗೆ ಕುರ್ಲಾದ ಪ್ರೀಮಿಯರ್‌ನವರು ಡಾಡ್ಜ್, ಪ್ಲಿಮತ್, ಡಿಸೋಟೊ ಜೋಡಿಸ್ತಿದ್ದರು.

ಡಾಡ್ಜ್, ಪ್ಲಿಮತ್ ಇರೋರಿಗೆ ಒಂದು ಕಿವಿಮಾತು. ಅಮೆರಿಕದಿಂದ ಹೆಡ್ ಗ್ಯಾಸ್ಕೆಟ್ ತರಿಸೋ ಮುಂಚೆ ಹೆಡ್ ಉದ್ದ ಅಳೀರಿ. ಅಮೆರಿಕದ ಡಾಡ್ಜ್, ಪ್ಲಿಮತ್ ಆರು ಸಿಲಿಂಡರ್ ಎಂಜಿನ್ 23 ಇಂಚಿನದು. ಕೆನಡಾದಲ್ಲಿ ಎಲ್ಲಕ್ಕೂ ಕ್ರೈಸ್ಲರ್, ಡಿಸೋಟೊದ 25 ಇಂಚಿನ ಬ್ಲಾಕ್ ಹಾಕ್ತಿದ್ದರು. ಎರಡಕ್ಕೂ 218 ಘನ ಇಂಚು ಅಂತಲೇ ಹೇಳ್ತಾರೆ! ಒಂದರ ಬೋರ್ (ಸಿಲಿಂಡರಿನ ಅಗಲ) 3¼ ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 4⅜. ಇನ್ನೊಂದರ ಬೋರ್ 3⅜, ಸ್ಟ್ರೋಕ್ 4 1/16. ಬೋರ್‌ನ ವರ್ಗಕ್ಕೆ ಸ್ಟ್ರೋಕ್ ಗುಣಿಸಿ ನೋಡಿ, ಹೆಚ್ಚು ಕಡಿಮೆ ಒಂದೇ ಬರುತ್ತೆ. ಪಿಸ್ಟನ್ ಮಾತ್ರ ಒಂದಕ್ಕೊಂದು ಆಗಲ್ಲ.

ಆರ್‌ಸಿ ಪುಸ್ತಕದ ಎಂಜಿನ್ ನಂಬರ್ ನೋಡಿ ನಂಬೋದೂ ಕಷ್ಟ. ಪೆಟ್ರೋಲ್ ಖರ್ಚಿಗೆ ಹೆದರಿ ಎಷ್ಟೋ ಜನ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದರು.

ಸುಮ್ನೆ_ಓಡ್ಸು

ಸರಿ, ಗ್ಯಾಸ್ಕೆಟ್ ವಿಷಯಕ್ಕೆ ಒಪ್ಪಿದೆ. ಸ್ಕ್ರೂ ವಿಷಯಕ್ಕೆ ಇನ್ನೂ ಇಲ್ಲ.

ಕಾರ್ಬುರೇಟರ್_ಕಿಟ್ಟಿ

ನೋಡಿದೆ. ಎಲ್ಲ ಹೇಳ್ತೀನಿ.

ಬೆಲ್‌ಹೌಸಿಂಗ್‌ಗೆ ಐದು ಬೋಲ್ಟ್. ಬ್ಲಾಕ್ ಮೇಲೆ 4ಇ19, ಅಂದರೆ 1964ರ ಮೇ 19. ಏಪ್ರನ್ ನಂಬರ್ ಬಾಗಿಲಿನ ಪ್ಲೇಟ್‌ಗೆ ಅಕ್ಷರ ಅಕ್ಷರ ಹೊಂದುತ್ತೆ. ಏಪ್ರನ್‌ಗೆ ವೆಲ್ಡಿಂಗ್ ಇಲ್ಲ. ಆದರೆ ಪ್ಲೇಟ್‌ನ ಎರಡು ರಿವೆಟ್‌ಗಳಲ್ಲಿ ಒಂದು ಮಾಮೂಲು ಪಾಪ್ ರಿವೆಟ್. ಡ್ರೈವರ್ ಬಾಗಿಲಿನ ಒಳಗೆ ಟ್ರಿಮ್ ಬಿಚ್ಚಿದರೆ ಕೆಂಪು ಬಣ್ಣ ಸಿಕ್ತು. ಕಾರಿನ ಉಳಿದ ಕಡೆ ಒಳಗೆಲ್ಲ ಬಿಳಿ. ಪೆಟ್ರೋಲ್ ಮುಚ್ಚಳಕ್ಕೆ ತಂತಿ ಇಲ್ಲ. ಹಾರ್ನ್ ಸುಬ್ಬಿ ಮೇಡಂ ಹೇಳಿದ ಜಾಗದಲ್ಲೇ ಇದೆ. ಎಡಗಡೆ ಫೆಂಡರ್ ಮುಂದೆ ಮ್ಯಾಗ್ನೆಟ್ ಜಾರುತ್ತೆ.

ಸ್ಪ್ಯಾನರ್_ಸುಬ್ಬಿ

ಹಾಗಾದರೆ ಬಿಳಿ ಕಾರು, ಎಡಗಡೆ ಏಟು, ಗುಜರಿಯಿಂದ ಕೆಂಪು ಕಾರಿನ ಬಾಗಿಲು. ಪ್ಲೇಟ್ ಮಾತ್ರ ಹಳೇ ಬಾಗಿಲಿಂದ ಕಿತ್ತು ಹೊಸದಕ್ಕೆ ಹೊಡೆದಿದ್ದಾರೆ. ಆ ಕೆಲಸ ಮಾಡಿದವರು ಪ್ರಾಮಾಣಿಕರು, ಪ್ಲೇಟ್ ಎಸೆಯಲಿಲ್ಲ.

ಡಿಯರ್‌ಬಾರ್ನ್_ದೊಡ್ಡಪ್ಪ

ನಾನೂ ಹಾಗೇ ಓದ್ತೀನಿ. ಪ್ಲೇಟ್‌ನ ಬಣ್ಣದ ಅಕ್ಷರ ಬಿಳಿಯದೇ ಅಂತ ಒಮ್ಮೆ ನೋಡಿಕೊಳ್ಳಿ, ಎಂ ಇದ್ದರೆ ವಿಂಬಲ್ಡನ್ ವೈಟ್. ಎಂಜಿನ್ ತಾರೀಖು ಚೆನ್ನಾಗಿ ಹೊಂದುತ್ತೆ, ಆದರೆ "ಇದೇ ಎಂಜಿನ್ ಇದೇ ಕಾರಿಗೆ ಬಂತು" ಅಂತ ಆಣೆ ಹಾಕಕ್ಕಾಗಲ್ಲ. ಮಾಮೂಲು ಮಸ್ಟ್ಯಾಂಗ್ ಎಂಜಿನ್ ಮೇಲೆ ಆಗ ಕಾರಿನ ನಂಬರ್ ಒತ್ತುತ್ತಿರಲಿಲ್ಲ. ಕೆ ಎಂಜಿನ್‌ಗೆ ಮಾತ್ರ ಒತ್ತುತ್ತಿದ್ದರು. ಹೊಂದುವ ತಾರೀಖು, ಹೊಂದುವ ಬೋಲ್ಟ್, ಅಷ್ಟೇ. ಮಾರುವಾಗಲೂ ಅಷ್ಟೇ ಹೇಳಿ.

ಇನ್ನೊಂದು. ಆಗಸ್ಟ್‌ನಲ್ಲಿ ಎಲ್ಲ ಒಂದೇ ದಿನ ಬದಲಾಯಿತು ಅಂತ ಯಾವ ಪಟ್ಟಿ ಹೇಳಿದರೂ ನಂಬಬೇಡಿ. ಎಂಜಿನ್, ಆಲ್ಟರ್ನೇಟರ್ ಥರದ ದೊಡ್ಡವು ಮಾಡೆಲ್ ತಿರುಗಿದಾಗ ಬದಲಾದವು. ಸೀಟು, ಮುಚ್ಚಳ, ಹಿಡಿಕೆ, ಫೆಂಡರ್ ಮೇಲಿನ ಅಕ್ಷರ ಇವೆಲ್ಲ ತಮ್ಮ ತಮ್ಮ ಹೊತ್ತಿಗೆ ಬದಲಾದವು, ಒಂದೊಂದು ಕಾರ್ಖಾನೆಯಲ್ಲಿ ಹಳೇ ದಾಸ್ತಾನು ಒಂದೊಂದು ದಿನ ಮುಗೀತು. ಫೋರ್ಡ್‌ನ ಹಳೇ ಮಾಸ್ಟರ್ ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಭಾಗದ ಪಕ್ಕ "ಇಂಥ ದಿನಕ್ಕೆ ಮುಂಚೆ", "ಇಂಥ ದಿನದಿಂದ" ಅಂತ ಇರುತ್ತೆ. ಅಂಗಡಿಗೆ ಫೋನ್ ಮಾಡೋ ಮುಂಚೆ ಅದನ್ನ ನೋಡಿ.

ಕಾರ್ಬುರೇಟರ್_ಕಿಟ್ಟಿ

ಎಂ ಇದೆ ದೊಡ್ಡಪ್ಪ! ಬಾಗಿಲು ಹಾಗೇ ಇರಲಿ ಅಂತ ಮಾಡಿದ್ದೇನೆ, ಅದೂ ಕಾರಿನ ಕಥೆಯೇ. ಜನರೇಟರ್ ವಾಪಸ್ ಹಾಕ್ತೀನಿ, ಹಾಗಾಗಿ ಮೊದಲ ಕಂತಿನ ವೈರಿಂಗ್. ಓರೆ ಅಂಚಿನ ಎಡಗಡೆ ಹೆಡ್‌ಲೈಟ್ ತುಂಡು ಯಾರ ಹತ್ತಿರವಾದರೂ ಇದೆಯಾ?

ಸ್ಪ್ಯಾನರ್_ಸುಬ್ಬಿ

ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಫೋರ್ಡ್ ಮೇಳಕ್ಕೆ ಹೋಗ್ತೀನಿ, ಹುಡುಕ್ತೀನಿ. ಅಲ್ಲಿ ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಹರ್ಶಿಯ ಹಳೇ ಕಾರುಗಳ ಮೇಳ ಇದೆ. ನಿಮ್ಮ ಬಲಗಡೆ ತುಂಡಿನ ಫೋಟೋ ಮೂರು ಕಡೆಯಿಂದ ತೆಗೆದು ಹಾಕಿ, ಅಂಚಿನ ಅಳತೆ ಸಮೇತ. ಮೇಜಿನ ಮೇಲೆ "ಸಿಕ್ಸ್ಟಿಫೈವ್" ಅಂತ ಚೀಟಿ ಅಂಟಿಸಿದ ರಾಶಿ ಇರುತ್ತೆ, ಫೋಟೋ ಇಲ್ಲದೆ ಆರಿಸಕ್ಕಾಗಲ್ಲ.

ಸುಮ್ನೆ_ಓಡ್ಸು

ಮೇಡಂ, ಕಾರ್ಲೈಲ್‌ಗೆ ನಾನೂ ಬರ್ತೀನಿ. ತಂತಿ ಇಲ್ಲದ ಪೆಟ್ರೋಲ್ ಮುಚ್ಚಳ ಒಂದು ಬೇಕಿತ್ತು. ಯಾರಿಗೂ ಹೇಳ್ಬೇಡಿ.